ಹಿಂದಲೆಯ ಗಂಟು

ಮಂಗಸೂಳಿ ಮಲ್ಲಯ್ಯನ ಗುಡಿಯಲ್ಲಿ ಮಗನ ಜಾವಳ ತೆಗೆಸಿ ಕಾಗವಾಡದ ಮನೆಗೆ ಬರುವ ತನಕ ಎಲ್ಲ ನೆಟ್ಟಗಿತ್ತು. ಬೋಳು ತಲೆಗೆ ಭಂಡಾರದ ಅರಿಶಿನ ಬಳಿಸಿಕೊಂಡ ನನ್ನ ವಿಕ್ರಾಂತ ಹಳದಿ ಉಂಡೆಯ ಹಾಗೆ ಕಾಣುತ್ತಿದ್ದ. ಅದನ್ನು ತೊಳೆದು ಅತ್ತೆ ಚನ್ನವ್ವ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚತೊಡಗಿದರು. ಹಿಂದಲೆಗೆ ಬಂದ ಕೈ ಅಲ್ಲೇ ನಿಂತಿತು.

"ಶೀತಲಾ, ಇಲ್ಲಿ ಮುಟ್ಟ. ಗಂಟ ಐತಿ."

ಮುಟ್ಟಿದೆ. ಇತ್ತು. ಕುತ್ತಿಗೆಗಿಂತ ತುಸು ಮೇಲೆ, ನಟ್ಟನಡುವೆ, ಕಡಲೆಕಾಳಿನಷ್ಟು ಗಟ್ಟಿ ಉಬ್ಬು. ಗಂಟು ಅಂದರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರ ಮುಖ ಬಿಳಿಚುತ್ತದೆ. ಗಂಡನ ಅಣ್ಣ ಸುಧೀರ ಭಾವ ತಲೆಯೊಳಗೆ ಗಡ್ಡೆ ಬೆಳೆದು ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದು ಹೋದ ವರ್ಷವಷ್ಟೇ.

"ಸುಧೀರಗೂ ಇಲ್ಲೇ ಇತ್ತು. ಎಣ್ಣಿ ಹಚ್ಚುವಾಗೆಲ್ಲ ಕೈಗೆ ಸಿಗತಿತ್ತು. ನಾ ಸುಮ್ಮ ಕುಂತೆ, ಅವನ್ನ ಕಳಕೊಂಡೆ. ಈ ಸಲ ಸುಮ್ಮ ಕುಂಡ್ರೂದಿಲ್ಲ."

ಅತ್ತೆ ಎದ್ದು ಹೋಗಿ, ಚೀಲ ಹೊಲಿಯುವ ದಬ್ಬಳ ತಂದು ಗ್ಯಾಸಿನ ಉರಿಗೆ ಹಿಡಿದರು. ಗಂಟಿನ ಮೇಲೆ ಬರೆ ಹಾಕಿದರೆ ಅದು ಬೆಳೆಯುವುದಿಲ್ಲವಂತೆ. ಒಲೆ ಹೋಗಿ ಗ್ಯಾಸ್ ಬಂತು, ಬರೆ ಮಾತ್ರ ಎಲ್ಲಿಗೂ ಹೋಗಲಿಲ್ಲ ನೋಡಿ.

"ಮಿರಜಿಗೆ ಹೋಗಿ ತೋರ್ಸೋಣ್ರಿ ಅತ್ತಿ."

"ನಡಕೋತ ಹೋದ ಮಗನ್ನ ಮಿರಜಿಂದ ಹೆಂಗ ತಂದ್ರು, ಮರತೇನ?"

ಗಂಡನ ಕಡೆ ನೋಡಿದೆ. ದ್ರಾಕ್ಷಿ ತೋಟದಲ್ಲಿ ಆಳುಗಳ ಮೇಲೆ ಹುಲಿಯಾಗುವ ದುಂಡೇಶರು ಅವ್ವನ ಮುಂದೆ ನೆಲ ನೋಡುತ್ತ ಮಗನ ಕಾಲು ಹಿಡಿದು ಕೂತುಬಿಟ್ಟರು. "ಒಂದೀಟ ಉರಿತೈತಿ, ಅಷ್ಟ," ಎಂದರು.

ನನಗೆ ತಡೆಯಲಾಗಲಿಲ್ಲ. "ಉರಿಯೂದು ನಿಮಗಲ್ಲಲ್ಲ!" ಎಂದು ಮಗನನ್ನು ಕಿತ್ತುಕೊಂಡೆ. ಅವನು ಬೆದರಿ ಅಳತೊಡಗಿದ. ಆ ಜಗ್ಗಾಟದಲ್ಲಿ ನನ್ನ ತುರುಬು ಬಿಚ್ಚಿತು. ಕೂದಲು ಹಿಂದಕ್ಕೆ ಸರಿಸಲು ಹೋದ ಬೆರಳಿಗೆ ಅದೇ ಉಬ್ಬು ತಾಗಿತು. ಅದೇ ಜಾಗ, ಅಷ್ಟೇ ಗಟ್ಟಿ. ಗಂಡನ ತಲೆಗೆ ಕೈ ಹಾಕಿದೆ. ಅವರದು ನನ್ನದಕ್ಕಿಂತ ದೊಡ್ಡದು.

"ಅತ್ತಿ, ನನಗೂ ಐತ್ರಿ, ಇವರಿಗೂ ಐತಿ! ಇದು ಗಂಟಲ್ರಿ, ಎಲುಬು. ನಿಮ್ಮದ ನೀವ ಮುಟ್ಟಿ ನೋಡ್ಕೋರಿ."

ಅವರು ಮುಟ್ಟಿಕೊಳ್ಳಲಿಲ್ಲ. ನಾನೇ ಅವರ ಎಡಗೈ ಹಿಡಿದು, ಬಿಳಿ ಕೂದಲ ತುರುಬು ಸರಿಸಿ, ಬೆರಳನ್ನು ಅಲ್ಲಿ ಒತ್ತಿದೆ. ಆಮೇಲೆ ಅವರು ತಾವಾಗಿಯೇ ನನ್ನ ತಲೆ ಮುಟ್ಟಿದರು, ಮಗನ ತಲೆ ಮುಟ್ಟಿದರು. ಗ್ಯಾಸ್ ಆರಿಸಿ ದಬ್ಬಳವನ್ನು ಕಟ್ಟೆಯ ಮೇಲಿಟ್ಟರು. ಗೆದ್ದೆನೆಂದು ನನಗೆ ನಗು ಬರುವುದರಲ್ಲಿತ್ತು.

ಅತ್ತೆ ಅಲ್ಲೇ ನೆಲಕ್ಕೆ ಕುಸಿದರು. ಮಗ ಸತ್ತಿದ್ದಕ್ಕೆ ಬೈಯಲು ಇಷ್ಟು ದಿನ ಅವರಿಗೆ ತಾವಾದರೂ ಇದ್ದರು. ಅದನ್ನೂ ನಾನು ಕಸಿದುಕೊಂಡಿದ್ದೆ.

"ಎಲ್ಲಾರಿಗೂ ಇರತೈತೇನ ಇದು?"

"ಹೌದ್ರಿ ಅತ್ತಿ."

"ಹಂಗಾರ ನನ್ನ ಸುಧೀರ ಯಾಕ ಸತ್ತ?"