ಪೋರ್ಚಿನ ನೀರು ಯಾವ ಕಡೆಗೆ

ಮಗಳು ಕಾತ್ಯಾಯಿನಿಯ ಬಾಣಂತನಕ್ಕೆಂದು ಸತ್ಯಭಾಮಮ್ಮ ಜಪಾನಿನ ಸಗಮಿಹಾರಾಕ್ಕೆ ಬಂದಿಳಿದದ್ದೇ ತಡ, ಕೊರೊನಾ ಬಂದು ಊರಿಗೆ ಮರಳುವ ಬಾಗಿಲು ಹಾಕಿಬಿಟ್ಟಿತು. ಅದು ಹೋಗಲಿ, ಹೆರಿಗೆಗೆ ತಾಯಿಯನ್ನೂ ಬಿಡುವುದಿಲ್ಲ, ಗಂಡನನ್ನೂ ಬಿಡುವುದಿಲ್ಲ ಎಂದರು ಆಸ್ಪತ್ರೆಯವರು. ಮಗಳ ಕೈ ಹಿಡಿದು ಕೂರುವ ಭಾಗ್ಯ ತಪ್ಪಿತು. ಅವರ ಪಾಲಿಗೆ ಉಳಿದದ್ದು ಒಂದೇ: ಕೂಸು ಮನೆಗೆ ಬಂದಾಗ ತಾಯಿ-ಮಗುವನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಎತ್ತುವುದು.

ಆ ಹೊಸ್ತಿಲ ಮೇಲೆಯೇ ನೀರು ತೊಟ್ಟಿಕ್ಕುತ್ತಿತ್ತು. ಪೋರ್ಚಿನ ತಾರಸಿ ದೋಸೆ ಕಾವಲಿಯ ಹಾಗೆ ಸಪಾಟು. ಮಳೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ನಿಂತಲ್ಲೇ ನಿಂತು, ಬಿರುಕಿನಲ್ಲಿ ಇಳಿದು, ಸರಿಯಾಗಿ ಬಾಗಿಲ ಮುಂದೆ ಬೀಳುತ್ತಿತ್ತು. ಮಳೆಗಾಲ ಶುರುವಾಗುವುದರಲ್ಲಿತ್ತು, ಕೆಲಸದವರು ಸಿಗುವಂತಿರಲಿಲ್ಲ. ಹಳೇ ಮನೆ, ನೀವೇ ಏನಾದರೂ ಮಾಡಿಕೊಳ್ಳಿ ಎಂದರು ಮಾಲೀಕರು. ಉಪಗ್ರಹದ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ಅಳಿಯ ಶ್ರೀಕಂಠ ಸಿಮೆಂಟ್ ಮೂಟೆ ತಂದು ಏಣಿ ಹತ್ತಿದ.

"ಮೊಳಕ್ಕೆ ಅರ್ಧ ಬೆರಳು ವಾಟ ಕೊಟ್ಟರೆ ಸಾಕು ಅತ್ತೆ, ನೀರು ತಾನೇ ಜಾರುತ್ತೆ. ಯಾವ ಕಡೆಗೆ ಜಾರಿಸಲಿ?"

"ಅದನ್ನೂ ಕೇಳಬೇಕೇ? ಈಶಾನ್ಯಕ್ಕೆ. ದೇವಮೂಲೆ. ನೀರು ಆ ಕಡೆ ಹರಿದರೆ ಕೂಸಿಗೆ ಒಳ್ಳೇದು."

ಅವನು ಪೈಪೊಂದನ್ನು ಆ ಮೂಲೆಗೆ ಹಿಡಿದು ತೋರಿಸಿದ. ಬೇಲಿಯಾಚೆ ಗಿಡಗಳಿಗೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿ ಕುರೋದಾ-ಸಾನ್ ಅದನ್ನು ಕಂಡವರೇ ಎರಡೂ ತೋಳು ಎದೆಯ ಮುಂದೆ ಬೇಡವೆಂಬಂತೆ ಅಡ್ಡಡ್ಡ ಕಟ್ಟಿ, "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಲೇ ಏನೇನೋ ಹೇಳತೊಡಗಿದರು.

"ಏನಂತೆ ಅವರದು?"

ಕಾತ್ಯಾಯಿನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಮ್ಮಾ, ಇವರ ಲೆಕ್ಕದಲ್ಲಿ ಈಶಾನ್ಯ ಅಂದ್ರೆ ದೆವ್ವ ಒಳಗೆ ನುಗ್ಗೋ ದಾರಿಯಂತೆ! ಅಲ್ಲಿ ಗಲೀಜು ನೀರು ಬಿಡಲೇಬಾರದಂತೆ."

"ದೇವರಿರೋ ಕಡೆ ದೆವ್ವವೇ? ಚೆನ್ನಾಗಿದೆ!"

"ನಮ್ಮ ಉಪಗ್ರಹ ಎಲ್ಲಾ ಮೂಲೆ ಸುತ್ತುತ್ತೆ ಅತ್ತೆ, ಇನ್ನೂ ಯಾರೂ ಸಿಕ್ಕಿಲ್ಲ," ಎಂದ ಶ್ರೀಕಂಠ ಏಣಿಯ ಮೇಲಿಂದ.

"ನೀವು ಸುಮ್ಮನೆ ಸಿಮೆಂಟ್ ಕಲಸಿ."

ಕಲಸುವುದೇನು, ಆ ದಿನ ಮೂಟೆಯ ಬಾಯಿಯನ್ನೇ ಬಿಚ್ಚಲಿಲ್ಲ. ಸತ್ಯಭಾಮಮ್ಮ ಮುಖ ಬಿಗಿದುಕೊಂಡು ಒಳಗೆ ಹೋಗಿ ಹುಳಿಗೆ ಬೇಳೆ ಇಟ್ಟರು. ಎಲ್ಲಿಯದೋ ಮುದುಕಿ ಬಂದು ನಮ್ಮ ಶಾಸ್ತ್ರಕ್ಕೆ ಕೈ ಅಡ್ಡ ಇಡುವುದೆಂದರೇನು!

ಮರುದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಕುರೋದಾ-ಸಾನ್ ಮಂಡಿನೋವಿನ ಕಾಲೆಳೆದುಕೊಂಡು ಬಂದು, ಕುಂಡದಲ್ಲಿದ್ದ ಸಸಿಯೊಂದನ್ನು ಅಲ್ಲಿಟ್ಟು, ದೂರ ಸರಿದು ಬಾಗಿ ನಿಂತರು. ಮಾಸ್ಕಿನೊಳಗಿಂದಲೇ ಮಾತಾಡಿದರು. ಕಿಟಕಿಯಲ್ಲಿ ನಿಂತು ಕೇಳಿದ ಕಾತ್ಯಾಯಿನಿ ಈ ಸಲ ನಗಲಿಲ್ಲ.

"ನಾಂತೆನ್ ಗಿಡವಂತಮ್ಮಾ. ಆ ಮೂಲೆಯಲ್ಲಿ ನೆಟ್ಟರೆ ಕೆಟ್ಟದ್ದು ಒಳಗೆ ಬರಲ್ಲವಂತೆ. ತಮ್ಮ ಹಿತ್ತಲಿಂದಲೇ ಅಗೆದು ತಂದಿದ್ದಾರೆ. ಆಸ್ಪತ್ರೇಲಿ ನಾನು ಒಬ್ಬಳೇ ಇರಬೇಕಲ್ಲ, ಅದನ್ನೇ ನೆನೆದು ನಿದ್ದೆ ಬರಲಿಲ್ಲವಂತೆ."

ನಿದ್ದೆ ಸತ್ಯಭಾಮಮ್ಮನಿಗೂ ಬಂದಿರಲಿಲ್ಲ. ಹೊರಗೆ ಹೋಗಿ, ದೂರದಿಂದಲೇ ಕೈಮುಗಿದರು. ಆಮೇಲೆ ಅಳಿಯನ ಕಡೆ ತಿರುಗಿದರು.

"ಪೂರ್ವಕ್ಕೆ ಕೊಟ್ಟುಬಿಡಿ ವಾಟ. ಪೂರ್ವವಾದರೆ ನಮ್ಮದೇನೂ ತಕರಾರಿಲ್ಲ. ಅವರನ್ನೂ ಒಂದು ಮಾತು ಕೇಳಿ."

ಕೇಳಿದ್ದಕ್ಕೆ ಕುರೋದಾ-ಸಾನ್ ಒಂದು ಗಳಿಗೆ ಯೋಚಿಸಿ, ಎರಡೂ ಕೈ ತಲೆಯ ಮೇಲೆತ್ತಿ ದೊಡ್ಡದೊಂದು ಸೊನ್ನೆ ಮಾಡಿ ತೋರಿಸಿದರು. ಒಪ್ಪಿಗೆ.

ಶ್ರೀಕಂಠ ಪಶ್ಚಿಮದ ಅಂಚಿಗೆ ದಪ್ಪ, ಪೂರ್ವಕ್ಕೆ ಬರುತ್ತ ತೆಳು ಮಾಡಿ ಗಾರೆ ಎಳೆದ. ಒಣಗಿದ ಮೇಲೆ ನೀರು ಇಳಿಯದ ಬಣ್ಣ ಬಳಿದು, ಪೂರ್ವದ ಅಂಚಿಗೆ ಪೈಪು ಕೂರಿಸಿ, ಬಕೆಟ್ಟು ನೀರು ಸುರಿದು ನೋಡಿದ. "ನಿಂತಿತಾ? ಹೋಯಿತಾ?" ಎಂದು ಸತ್ಯಭಾಮಮ್ಮ ಕೆಳಗಿನಿಂದ ಕೂಗಿದ್ದೇ ಕೂಗಿದ್ದು. ದೇವಮೂಲೆಯಲ್ಲಿ ನಾಂತೆನ್ ಗಿಡವನ್ನು ತಾವೇ ನೆಟ್ಟರು.

ಹೆಣ್ಣುಕೂಸು. ಮನೆಗೆ ಬಂದ ದಿನ ಜಡಿಮಳೆ. ಹೊಸ್ತಿಲು ಮಾತ್ರ ಒಣಗಿಕೊಂಡು ಬೆಚ್ಚಗಿತ್ತು; ಆರತಿಯ ದೀಪ ಅಲ್ಲಾಡದೆ ಉರಿಯಿತು. ಎತ್ತಿ ಮುಗಿಸಿ ಕೂಸನ್ನು ಕೈಗೆ ತೆಗೆದುಕೊಂಡರೆ, ಬೇಲಿಯಾಚೆ ಕೊಡೆ ಹಿಡಿದು ಕುರೋದಾ-ಸಾನ್ ನಿಂತಿದ್ದಾರೆ. ಸತ್ಯಭಾಮಮ್ಮ ಬಟ್ಟೆ ಸರಿಸಿ ಮುಖ ತೋರಿಸಿದರು. ಅಜ್ಜಿಯ ಕಣ್ಣೋ, ಪೂರ್ವದ ಪೈಪಿನಲ್ಲಿ ಧೋ ಎಂದು ಸುರಿಯುವ ನೀರಿನ ಮೇಲೆ.

"ನೋಡೇ ಕಾತಿ! ನಾನು ಕೂಸನ್ನ ತೋರಿಸ್ತಿದ್ದೀನಿ, ಅವರು ಪೈಪ್ ನೋಡ್ತಿದ್ದಾರೆ!"

"ನಾನು ಕಾರಿಂದ ಇಳಿದಾಗ ನೀನೂ ಮೊದಲು ನೋಡಿದ್ದು ಅದನ್ನೇ ಅಮ್ಮಾ," ಎಂದಳು ಕಾತ್ಯಾಯಿನಿ.