ತೊಂಬತ್ತೇಳು ಮಾರು

ಟೇಪು ಅಕ್ಕನ ಬೆರಳಸಂದಿಯಿಂದ ಜಾರುತ್ತಿದೆ, ಹಳದಿ ಟೇಪು, ಒಂದೊಂದು ಗೆರೆಯನ್ನೂ ಹೆಬ್ಬೆರಳು ಮುಟ್ಟಿ ಬಿಡುತ್ತದೆ, ನೋಡಬಾರದು ಅಂದುಕೊಂಡೇ ಅವನು ನೋಡುತ್ತಿದ್ದಾನೆ, ತೊಡೆಯ ಮೇಲೆ ಹಡಗಿನ ನೋಟ್‌ಬುಕ್ಕು, ಉಪ್ಪುನೀರು ಕುಡಿದು ಉಬ್ಬಿದ ಹಾಳೆಗಳು, ಅಂಗೈಯಲ್ಲಿ ಮಾತ್ರ ಹಗ್ಗ ಓಡುತ್ತಿದೆ, ಈಗಲೂ, ಈ ಹೊಲಿಗೆ ಅಂಗಡಿಯಲ್ಲಿ, ಅಲುಗಾಡದ ಸ್ಟೂಲಿನ ಮೇಲೆ ಕೂತಿದ್ದರೂ—ಮಾರಿಗೊಂದು ಗಂಟು, ಗಂಟು ಅಂಗೈಗೆ ತಾಗಿದಾಗೊಂದು ಎಣಿಕೆ, ತುದಿಯಲ್ಲಿ ಸೀಸದ ಗುಂಡು, ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಬಿಟ್ಟರೆ ಸಮುದ್ರದಡಿಯ ಮಣ್ಣು ಅಂಟಿಕೊಂಡು ಮೇಲೆ ಬರುತ್ತದೆ, ಯಾರೂ ಕಾಣದ ನೆಲ. ಮೂರು ವರ್ಷ ಅದೇ ಕೆಲಸ, ನಕ್ಷೆಯಲ್ಲಿ ಖಾಲಿ ಬಿಟ್ಟ ಕಡಲಿಗೆ ಹೋಗುವುದು, ಹಗ್ಗ ಇಳಿಬಿಡುವುದು, ಆಳ ಎಷ್ಟು ಮಾರು ಅಂತ ಎಣಿಸುವುದು, ಬರೆಯುವುದು. ಓದಪ್ಪ ಮುಂದೆ, ಸುಮ್ನೆ ಯಾಕೆ ಕೂತೆ, ಅನ್ನುತ್ತಾಳೆ ಅಕ್ಕ. ಸ್ವಂತ ಅಕ್ಕನಲ್ಲ, ಹಡಗಿನ ಅಡುಗೆಯವನ ಅಕ್ಕ, ತಾಯಿಯಿಲ್ಲದ ತಮ್ಮನನ್ನು ಇದೇ ಮೆಷಿನ್ನಿನ ಪಕ್ಕ ತೊಟ್ಟಿಲು ಕಟ್ಟಿ ಬೆಳೆಸಿದವಳು, ತಮ್ಮ ಹೋದದ್ದನ್ನು ಕಚೇರಿಯ ಕಾಗದದ ಎರಡು ಸಾಲಿನಲ್ಲಿ ಪಕ್ಕದ ಮನೆಯವರ ಬಾಯಿಂದ ಕೇಳಿಸಿಕೊಂಡವಳು. ಅಂಕಿ ಬರುತ್ತದೆ ಅವಳಿಗೆ, ಅಕ್ಷರ ಬಾರದು. ನೀನು ದಿನಾ ಬರೀತಿದ್ದೆಯಂತೆ, ಅವನದ್ದೆಲ್ಲ ಅದರಲ್ಲಿ ಇರುತ್ತಲ್ಲ, ಬಂದು ಓದಿ ಹೇಳು ಅಂತ ಹೇಳಿ ಕಳಿಸಿದ್ದಳು, ಎರಡು ಸಲ ತಪ್ಪಿಸಿಕೊಂಡ, ಮೂರನೇ ಸಲ ಕಾಲು ತಾವೇ ಎಳೆದುಕೊಂಡು ಬಂದವು.

ನಗುವ ಪುಟಗಳನ್ನು ಮೊದಲು ಓದಿದ. ಉಪ್ಪಣ್ಣ ಅಂತ ಅಡುಗೆಯವನಿಗೆ ಹೆಸರು ಬಿದ್ದ ದಿನ, ಅವನ ಅಡುಗೆ ಉಂಡ ಕ್ಯಾಪ್ಟನ್ನರು ಇದರ ಮುಂದೆ ಸಮುದ್ರವೇ ಸಪ್ಪೆ ಕಣಯ್ಯ ಅಂದದ್ದು, ಅಕ್ಕ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಅಂಗೈಗೆ ಉಗುಳಿ ನಕ್ಕಳು, ಮನೇಲೂ ಹಾಗೇ, ಅವನ ಕೈ ಯಾವಾಗ್ಲೂ ಧಾರಾಳ. ಆಮೇಲೆ ಎಣಿಕೆ ಕೆಡಿಸುವ ಆಟ, ಇವನು ಮೂವತ್ತೆರಡು ಮೂವತ್ಮೂರು ಅನ್ನುವಾಗ ಅಡುಗೆಕೋಣೆಯ ಕಿಟಕಿಯಿಂದ ತಲೆ ಹೊರಗೆ, ನಲವತ್ತಾರು! ಹನ್ನೊಂದು! ಲೋ, ನಿಮ್ಮಜ್ಜಿಗೆ ಎಷ್ಟು ವಯಸ್ಸೋ?—ಲೆಕ್ಕ ತಪ್ಪಿ ನೆಂದ ಹಗ್ಗವನ್ನೆಲ್ಲ ಮೇಲಕ್ಕೆಳೆದು ಮತ್ತೆ ಒಂದರಿಂದ, ಕ್ಯಾಪ್ಟನ್ನರ ಗುಡುಗು, ಮಕ್ಕಳಾಟ ಆಯ್ತಾ ನಿಮಗೆ, ಇನ್ನೊಂದ್ಸಲ ಲೆಕ್ಕ ತಪ್ಪಲಿ, ಇಬ್ಬರನ್ನೂ ಮುಂದಿನ ಬಂದರಲ್ಲಿ ಇಳಿಸ್ತೀನಿ. ಅಲ್ಲಿಗೆ ಎರಡು ಹಾಳೆಯನ್ನು ಒಟ್ಟಿಗೆ ಮಗುಚಿದ. ಓದದೆ ದಾಟಿಸಿದ ಹಾಳೆಯಲ್ಲಿರುವುದು ಇಷ್ಟೇ, ಇಂದು ಉಪ್ಪಣ್ಣ ಅಯ್ಯೋ ಬಿದ್ದೆ, ಹಿಡ್ಕೊಳ್ರೋ ಎಂದು ಕಿರುಚಿ ನನ್ನನ್ನು ಬೆಚ್ಚಿಬೀಳಿಸಿದ, ಓಡಿಹೋಗಿ ನೋಡಿದರೆ ಬಾಗಿಲ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದಾನೆ, ಇನ್ನು ಸತ್ತರೂ ತಿರುಗಿ ನೋಡುವುದಿಲ್ಲ ಅಂತ ಹೇಳಿದೆ. ಯಾರು ಸತ್ತರೂ ಅಂತ ಬರೆದಿಲ್ಲ. ಅಷ್ಟು ಯೋಚಿಸಿ ಬರೆಯುವ ಕೈ ಅಲ್ಲ ಇದು.

ಬಾಗಿಲಲ್ಲಿ ಯಾರೋ, ಅಕ್ಕಾ ನನ್ನ ಅಂಗಿ ಆಯ್ತಾ, ಅಕ್ಕ ತಿರುಗಲಿಲ್ಲ, ಒಂದು ಅಂಗೈ ಮಾತ್ರ ಮೇಲೆತ್ತಿದಳು, ಟೇಪು ಬಟ್ಟೆಯ ತುದಿ ಮುಟ್ಟಿತು, ಸೀಮೆಸುಣ್ಣದ ಗೆರೆ ಬಿತ್ತು, ಆಮೇಲೇ ಕತ್ತು ಹೊರಳಿದ್ದು, ಏನಮ್ಮ, ಅಳತೆ ಮಧ್ಯೆ ಕರೀಬೇಡ ಅಂತ ಎಷ್ಟು ಸಲ ಹೇಳ್ಲಿ, ಮನೆ ಹೊತ್ತಿ ಉರಿದ್ರೂ ತಿರುಗಲ್ಲ ನಾನು, ನಾಳೆ ಬಾ. ಬಂದವಳು ನಗುತ್ತಾ ಹೋದಳು. ಅವನ ಕಣ್ಣಲ್ಲಿ ಇನ್ನೂ ಆ ಎತ್ತಿದ ಅಂಗೈ, ಅದರ ಮೇಲೆ ಸುಣ್ಣದ ಪುಡಿ, ಬಿಳಿ—ಬೇಡ. ಆ ದಿನದ್ದು ಓದು, ಅನ್ನುತ್ತಾಳೆ ಅಕ್ಕ, ಈಗ ಮೆಷಿನ್ನಿನ ಮುಂದೆ ಕೂತು, ದಾರವನ್ನು ಸೂಜಿಯ ಕಣ್ಣಿಗೆ ಹಿಡಿದು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ, ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಆಗಿಹೋಯ್ತು ಅಕ್ಕಾ, ಅವನಿಗೆ ಏನೂ ಗೊತ್ತಾಗ್ಲಿಲ್ಲ, ಆದರೆ ಕಣ್ಣು ಹಾಳೆಯ ಮೇಲೆ ಬಿದ್ದು ಬಾಯಿ ಇದ್ದದ್ದನ್ನೇ ಓದಿಬಿಟ್ಟಿತು, ಬೆಳಿಗ್ಗೆ ಹತ್ತು ಗಂಟೆ. ಗಾಳಿ ಸಾಧಾರಣ. ತೊಂಬತ್ತೇಳು ಮಾರು. ಮರಳು, ಚಿಪ್ಪಿನ ಚೂರು. ಅಡುಗೆಯವ ನೀರಿಗೆ ಬಿದ್ದ. ದೋಣಿ ಇಳಿಸಿದೆವು. ಸಿಗಲಿಲ್ಲ.

ಮೆಷಿನ್ನು ಓಡುತ್ತಿಲ್ಲ. ಇನ್ನೊಂದ್ಸಲ ಓದು. ಓದಿದ. ಅಳತೆ ಮೊದಲು ಬಂತು, ಅನ್ನುತ್ತಾಳೆ ಅಕ್ಕ, ಧ್ವನಿ ಏರಿಸದೆ, ಹೊಲಿಗೆ ಎಲ್ಲಿ ಬಿಚ್ಚಿದೆ ಅಂತ ತೋರಿಸುವವಳ ಹಾಗೆ. ಅಳತೆ ಮೊದಲು, ಅವನು ಆಮೇಲೆ. ಬರೆಯೋವಾಗ ಹಾಗೆ ಬಂತಕ್ಕಾ, ಅನ್ನಬಹುದು, ನಾಲಿಗೆಯ ತುದಿಯಲ್ಲೇ ಇದೆ, ಅಕ್ಷರ ಬಾರದವಳು, ನಂಬುತ್ತಾಳೆ, ಇವನು ಎದ್ದು ಹೋಗಬಹುದು, ಮೆಟ್ಟಿಲಿಳಿದು ಬೀದಿಗೆ. ಕೂಗಿದ್ನಾ ಅವನು, ಕೇಳುತ್ತಾಳೆ ಅಕ್ಕ. ಕೂಗಿದ. ನೀನೇನು ಮಾಡ್ತಿದ್ದೆ? ಕಿಟಕಿಯಾಚೆ ಸೈಕಲ್ ಗಂಟೆ, ಯಾರದೋ ನಗು, ಕತ್ತರಿಯ ಮೇಲೆ ಬಿಸಿಲು. ಎಣಿಸ್ತಿದ್ದೆ ಅಕ್ಕಾ. ಅಷ್ಟೇ ಬಂತು. ಆಟ ಅಂದ್ಕೊಂಡೆ, ಅವನು ಯಾವಾಗ್ಲೂ ಹಾಗೇ—ಬರಲಿಲ್ಲ, ಅದು ಬಾಯಿಗೆ ಬರಲಿಲ್ಲ. ಅಕ್ಕ ಇವನನ್ನು ನೋಡುತ್ತಿಲ್ಲ. ಈಗ ತಾನೇ ಎತ್ತಿದ್ದ ಸ್ವಂತ ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಾಳೆ, ಸುಣ್ಣವನ್ನು ಸೆರಗಿಗೆ ಒರೆಸುತ್ತಿದ್ದಾಳೆ, ಒರೆಸಿದಷ್ಟೂ ಒರೆಸುತ್ತಿದ್ದಾಳೆ, ಬೈದಿದ್ದರೆ ಆಗುತ್ತಿತ್ತು, ಆ ಕತ್ತರಿ ತೆಗೆದು ಎಸೆದಿದ್ದರೂ ಆಗುತ್ತಿತ್ತು, ಅಂಗೈಯಲ್ಲಿ ಆ ದಿನದ ಹಗ್ಗ ಮತ್ತೆ ಓಡುತ್ತಿದೆ, ತೊಂಬತ್ತು, ಏನೋ ಬಿದ್ದ ಸದ್ದು, ಬಕೆಟ್ಟಿರಬೇಕು, ದಿನಾ ಈ ಹೊತ್ತಿಗೆ ಮುಸುರೆ ನೀರು ಚೆಲ್ಲುತ್ತಾನೆ, ತೊಂಬತ್ತೊಂದು, ಅಯ್ಯೋ ಹಿಡ್ಕೊಳ್ರೋ, ಸುಮ್ನಿರೋ ಲೆಕ್ಕ ತಪ್ಪುತ್ತೆ, ತೊಂಬತ್ತೆರಡು, ಕಣ್ಣಂಚಿನಲ್ಲಿ ನೀರಿನ ಮೇಲೆ ಒಂದು ಕೈ, ಮೊಣಕೈವರೆಗೂ ಹಿಟ್ಟು, ಮಧ್ಯಾಹ್ನದ ರೊಟ್ಟಿಗೆ ನಾದುತ್ತಿದ್ದ ಹಿಟ್ಟು, ಬೆಳ್ಳಗೆ, ಕಂಡೂ ಕಾಣದ ಹಾಗೆ, ತೊಂಬತ್ಮೂರು, ನಾಲ್ಕು, ಐದು, ಯಾರೋ ಓಡುತ್ತಿದ್ದಾರೆ, ಆರು, ಹಗ್ಗ ಸಡಿಲಾಯಿತು, ಗುಂಡು ನೆಲ ಮುಟ್ಟಿತು, ಏಳು, ಲೆಕ್ಕ ತಪ್ಪಲಿಲ್ಲ, ಆಮೇಲೇ ಕತ್ತು ಹೊರಳಿದ್ದು, ಅಷ್ಟು ದೂರದಲ್ಲಿ ಅದೇ ಕೈ ಇನ್ನೊಂದು ಸಲ ಮೇಲೆದ್ದಿತು, ಹಿಟ್ಟೆಲ್ಲ ತೊಳೆದುಹೋಗಿತ್ತು, ಕೈ ಶುಭ್ರವಾಗಿತ್ತು.