ಹಿಂದೆ ಬಿದ್ದ ಸಾಲು

ಕಾರಟಗಿಯ ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ ಮೂವರು ಹೆಣ್ಣುಮಕ್ಕಳು ಇಂಗ್ಲಿಷ್ ಪರೀಕ್ಷೆಗೆ ಕುಳಿತಿದ್ದರು: ನಡುವೆ ಹುಲಗಮ್ಮ, ಬಲಕ್ಕೆ ಪಾರಮ್ಮ, ಎಡಕ್ಕೆ ಶಿವಲಿಂಗಮ್ಮ. ಮೂವರೂ ಭತ್ತ ನಾಟಿಯ ಒಂದೇ ಗುಂಪಿನವರು. ಇದರಲ್ಲಿ ಪಾಸಾದವರ ಹತ್ತನೇ ತರಗತಿಯ ಖಾಸಗಿ ಪರೀಕ್ಷೆಯ ಅರ್ಜಿಯನ್ನಷ್ಟೇ ಕಳಿಸುವುದಾಗಿ ಅಲ್ಲಿ ಪಾಠ ಹೇಳುತ್ತಿದ್ದ ಅಮೃತಾ ಟೀಚರ್ ಖಡಾಖಂಡಿತವಾಗಿ ಹೇಳಿದ್ದರು. ಹತ್ತನೇ ಪಾಸಾದರೆ ಅಂಗನವಾಡಿಯಲ್ಲಿ ಕೆಲಸ ಕೇಳಬಹುದೆಂದು ಹುಲಗಮ್ಮ ವರ್ಷದಿಂದ ಕನಸು ಕಟ್ಟಿದ್ದಳು.

ಆದರೆ ಹಾಳು ಜ್ವರ ಬಂದು ಹದಿನೈದು ದಿನದ ಪಾಠ ತಪ್ಪಿತ್ತು. ಅಕ್ಕಪಕ್ಕದವರು ಏಳನೇ ಪ್ರಶ್ನೆಯಲ್ಲಿದ್ದರೆ ಇವಳಿನ್ನೂ ಮೂರರಲ್ಲೇ. ಕಣ್ಣು ತುಂಬಿ ಬಂತು.

ಪಾರಮ್ಮ ನೋಡಿದಳು. ಹುಲಗಮ್ಮನ ಹಾಳೆ ಎಳೆದುಕೊಂಡು ಎರಡು ಉತ್ತರ ಬರೆದಳು. ಶಿವಲಿಂಗಮ್ಮ ಇನ್ನೆರಡು ಬರೆದಳು. ಕದ್ದುಮುಚ್ಚಿ ಅಲ್ಲ, ಟೀಚರ ಕಣ್ಣೆದುರೇ!

“ಏನ್ರಿ ಇದು? ಪರೀಕ್ಷಾದಾಗ ಕಾಪಿನಾ?”

“ಕಾಪಿ ಎಲ್ಲೈತ್ರಿ ಅಕ್ಕೋರ?” ಪಾರಮ್ಮನಿಗೆ ನಿಜಕ್ಕೂ ಆಶ್ಚರ್ಯ. “ಅಕಿ ಹಿಂದ ಬಿದ್ದಾಳ. ಅಕಿ ಸಾಲಿಗೆ ಆ ಕಡಿಯಿಂದ ನಾಕು ಸಸಿ, ಈ ಕಡಿಯಿಂದ ನಾಕು ಸಸಿ ಹಚ್ಚಿಕೊಟ್ರ ಎಲ್ಲಾರೂ ಸಮ ಬರ್ತೀವಿ. ಗದ್ದ್ಯಾಗ ಒಬ್ಬಾಕಿನ್ನ ಬಿಟ್ಟು ಹೋಗ್ತಾರೇನ್ರಿ?”

ಗಂಗಾವತಿ ಪೇಟೆಯಲ್ಲಿ ಬೆಳೆದ ಟೀಚರ್ ಕೆಸರಿಗೆ ಕಾಲಿಟ್ಟವರಲ್ಲ. ಸಿಟ್ಟಾಗಲು ಹೋಗಿ ನಕ್ಕುಬಿಟ್ಟರು. ಹಾಳೆಯನ್ನು ಮಾತ್ರ ಹರಿದೇ ಹಾಕಿದರು.

“ಹಿಂದ ಬಿದ್ದವರು ಮುಂದಿನವರ ಸಮ ಬರೋದಕ್ಕ ಇಂಗ್ಲಿಷಿನ್ಯಾಗ ‘ಕ್ಯಾಚ್ ಅಪ್’ ಅಂತಾರ. ಬರೋ ಭಾನುವಾರ ಹುಲಗಮ್ಮ ಒಬ್ರೇ ಬರೀಬೇಕು. ಅಲ್ಲಿತನಕ ನೀವಿಬ್ರೂ ಎಷ್ಟು ಬೇಕಾದ್ರ ಹಚ್ಚಿಕೊಡ್ರಿ!”

ವಾರವಿಡೀ ಗದ್ದೆಯೇ ಶಾಲೆಯಾಯಿತು. ಬಗ್ಗಿ ಸಸಿ ಹಚ್ಚುತ್ತಲೇ ಪಾರಮ್ಮ ಕೇಳುವಳು, ಹುಲಗಮ್ಮ ಉತ್ತರಿಸುವಳು, ತಪ್ಪಿದರೆ ಶಿವಲಿಂಗಮ್ಮ ಗದರುವಳು. ಬಹಳ ದಿನದ ಮೇಲೆ ಸಿಕ್ಕ ಗೆಳತಿಯೊಡನೆ ಸುದ್ದಿ ಹೇಳುತ್ತ ಕೂತರೂ ‘ಕ್ಯಾಚ್ ಅಪ್’ ಎನ್ನುತ್ತಾರೆಂದು ಶಿವಲಿಂಗಮ್ಮ ಒಂದು ದಿನ ಪುಸ್ತಕ ನೋಡಿ ಹೇಳಿದಳು.

“ಹಂಗಾದ್ರ ಸಂತ್ಯಾಗ ನಂದು ಅದೇ ಕೆಲಸ!” ಎಂದು ಹುಲಗಮ್ಮ ನಕ್ಕಳು. ಜ್ವರ ಬಿಟ್ಟ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಭಾನುವಾರ ಗೆಳತಿಯರಿಬ್ಬರನ್ನೂ ಹೊರಗೆ ಕೂರಿಸಿ ಟೀಚರ್ ಬಾಗಿಲು ಮುಚ್ಚಿದರು. ಹುಲಗಮ್ಮ ಒಬ್ಬಳೇ ಬರೆದಳು, ಕೊನೆಯ ಪ್ರಶ್ನೆಯವರೆಗೂ. ಟೀಚರ್ ಸಾವಕಾಶವಾಗಿ ತಿದ್ದಿ, ತಲೆ ಎತ್ತಿ ಕೇಳಿದರು: “ಅರ್ಜಿಗೆ ಫೋಟೋ ತಂದೀರೇನು?”

ತಿಂಗಳಿಂದ ಚೀಲದಲ್ಲೇ ಇಟ್ಟುಕೊಂಡು ತಿರುಗಿದ್ದ ಫೋಟೋವನ್ನು ಹುಲಗಮ್ಮ ಮೇಜಿನ ಮೇಲಿಟ್ಟಳು.

ಹೊರಗಿನಿಂದ ಪಾರಮ್ಮನ ಕೂಗು: “ಅಕ್ಕೋರ, ನಮ್ಮಾಕಿ ಸಮ ಬಂದ್ಲೇನ್ರಿ?”

“ಬಂದಾಳ,” ಎಂದು ಹುಲಗಮ್ಮನೇ ಎದ್ದು ಬಾಗಿಲು ತೆರೆದಳು.